‘ಅಪ್ಪನ ಆಸ್ತಿ ನನಗೆ ಬೇಡ’ ಅಂದರೆ ಸಾಕಾ?

ಪ್ರಶ್ನೆ: ನಾನು ಬಳ್ಳಾರಿಯಲ್ಲಿ ಶಾಲಾ ಶಿಕ್ಷಕಿ. ತವರು ಕಾರಟಗಿ ಹತ್ತಿರದ ಹಳ್ಳಿ. ಹೋದ ವರ್ಷ ಅಪ್ಪ ತೀರಿಕೊಂಡರು. ಉಯಿಲು ಬರೆದಿಲ್ಲ. ಎಡದಂಡೆ ಕಾಲುವೆ ಕೆಳಗೆ ಆರು ಎಕರೆ ಗದ್ದೆ ಇದೆ. ನಾಲ್ಕು ಎಕರೆ ಅಪ್ಪ ಕೊಂಡದ್ದು, ಎರಡು ಎಕರೆ ಅಜ್ಜನಿಂದ ಬಂದದ್ದು. ಮನೆಯಲ್ಲಿ ಅವ್ವ, ಅಕ್ಕ, ನಾನು, ತಮ್ಮ. ಗದ್ದೆ ಮಾಡುವವನು ತಮ್ಮ. ಸೊಸೈಟಿಯಲ್ಲಿ ಮತ್ತು ಗ್ರಾಮೀಣ ಬ್ಯಾಂಕಿನಲ್ಲಿ ಬೆಳೆಸಾಲ ಇದೆ. ದಲಾಲಿ ಅಂಗಡಿಯಲ್ಲಿ ಕೈಗಡವೂ ಇದೆಯಂತೆ. ಅಂಗಡಿಯವರು ನನಗೂ ಫೋನ್ ಮಾಡಿ, ‘ಹೆಣ್ಣುಮಕ್ಕಳಿಗೂ ಪಾಲು ಇದೆ ಅಂದ ಮೇಲೆ ಸಾಲದಲ್ಲೂ ಪಾಲು ಇದೆ, ಹೊಸ ನೋಟು ಬರೆದುಕೊಡಿ’ ಅನ್ನುತ್ತಿದ್ದಾರೆ. ನನಗೆ ಆಸ್ತಿಯೂ ಬೇಡ, ಸಾಲವೂ ಬೇಡ. ಅಪ್ಪ ಇದ್ದಾಗಲೇ ಒಂದು ಪಂಚಮಿಗೆ ತವರಿಗೆ ಹೋದಾಗ, ‘ನನಗೆ ಹಕ್ಕಿಲ್ಲ’ ಎಂದು ನೂರು ರೂಪಾಯಿ ಬಾಂಡ್ ಮೇಲೆ ಸಹಿ ಮಾಡಿಕೊಟ್ಟಿದ್ದೆ. ಆಗ ಎರಡು ತೊಲ ಬಂಗಾರ ಕೊಟ್ಟಿದ್ದರು. ಅದು ಸಾಲುತ್ತದಾ? ಈಗ ಖಾತೆ ಬದಲಾವಣೆಗೆ ಒಪ್ಪಿಗೆ ಬರೆದುಕೊಡು ಅನ್ನುತ್ತಾನೆ ತಮ್ಮ. ಅಕ್ಕ ತನ್ನ ಪಾಲು ಬಿಡುವುದಿಲ್ಲ. ನನ್ನ ಪಾಲು ಅವ್ವನಿಗೆ ಹೋಗಲಿ ಅನ್ನೋದು ನನ್ನ ಆಸೆ. ನಮ್ಮ ಯಜಮಾನರು, ‘ಮಗನ ಹಕ್ಕನ್ನು ನೀನು ಬಿಡೋಕೆ ಬರಲ್ಲ’ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಅಕ್ಕೋರೆ, ನಿಮ್ಮ ಪತ್ರದಲ್ಲಿ ಎರಡು ಚಿಂತೆ ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು, ಸಾಲದ ಭಯ. ಇನ್ನೊಂದು, ಅವ್ವನಿಗೆ ಒಳ್ಳೆಯದಾಗಲಿ ಎಂಬ ಆಸೆ. ಇವೆರಡನ್ನೂ ಮೊದಲು ಬಿಡಿಸಿ ಇಡಬೇಕು. ಸಾಲಕ್ಕೆ ಹೆದರಿ ಪಾಲು ಬಿಡುವ ಅಗತ್ಯ ನಿಮಗಿಲ್ಲ. ಅವ್ವನಿಗೆ ಕೊಡಬೇಕು ಅಂದರೆ ‘ಬೇಡ’ ಅಂದುಬಿಟ್ಟರೆ ಸಾಲುವುದಿಲ್ಲ.

ಮೂಲ ಸಂಗತಿ ಹೀಗಿದೆ. ನಮ್ಮ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ, ಉಯಿಲು ಬರೆಯದೆ ತೀರಿಕೊಂಡವರ ಆಸ್ತಿ ಅವರು ಕಣ್ಣು ಮುಚ್ಚಿದ ಕ್ಷಣಕ್ಕೇ ವಾರಸುದಾರರಿಗೆ ಬರುತ್ತದೆ. ನಿಮ್ಮನ್ನು ಯಾರೂ ‘ಬೇಕಾ, ಬೇಡವಾ’ ಎಂದು ಕೇಳುವುದಿಲ್ಲ. ಬೇಡ ಅನ್ನಲು ಇಂತಿಷ್ಟು ದಿನದ ಗಡುವಾಗಲಿ, ತುಂಬಿಕೊಡುವ ಅರ್ಜಿಯಾಗಲಿ ಇಲ್ಲ. ಅಂದರೆ ನಿಮ್ಮ ಪಾಲು ಈಗಾಗಲೇ ನಿಮ್ಮದು. ನೀವು ಬಿಡುತ್ತೇನೆ ಅಂದರೆ ಅದನ್ನು ಯಾರಿಗೋ ಕೊಡುತ್ತಿದ್ದೀರಿ ಎಂದೇ ಲೆಕ್ಕ. ಹಾಗಾಗಿ ನೀವು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು: ನನ್ನ ಹತ್ತಿರ ಇರುವುದು ಎಷ್ಟು, ಯಾರಿಗೆ ಕೊಡುತ್ತೇನೆ, ಯಾವ ಕಾಗದದ ಮೇಲೆ ಕೊಡುತ್ತೇನೆ.

ಮೊದಲು ಆ ಪಂಚಮಿ ಬಾಂಡು. ನಮ್ಮ ಕಡೆ ಇದು ಹೊಸದೇನಲ್ಲ. ಹೆಣ್ಣುಮಗಳು ಹಬ್ಬಕ್ಕೆ ಬರುತ್ತಾಳೆ, ಜೋಕಾಲಿ ಆಡಿ, ಉಂಡಿ ತಿಂದು, ಉಡಿ ತುಂಬಿಸಿಕೊಂಡು ಹೊರಡುವ ಹೊತ್ತಿಗೆ ಬಾಂಡ್ ಪೇಪರ್ ಮುಂದೆ ಬರುತ್ತದೆ. ತವರು ತಪ್ಪಬಾರದು ಅಂತ ಸಹಿ ಬೀಳುತ್ತದೆ. ಇಂಥ ಕಾಗದ ನೋಡದ ವಕೀಲ ಗಂಗಾವತಿ, ಸಿಂಧನೂರು ಕಡೆ ಸಿಗಲಿಕ್ಕಿಲ್ಲ. ಕಾನೂನಿನಲ್ಲಿ ಇದಕ್ಕೆ ಎರಡು ಕೊರತೆ ಇವೆ. ತಂದೆ ಬದುಕಿದ್ದಾಗ ಅವರ ಸ್ವಂತ ಆಸ್ತಿಯಲ್ಲಿ ನಿಮಗೆ ಇದ್ದದ್ದು ಮುಂದೆ ಸಿಗಬಹುದು ಎಂಬ ನಿರೀಕ್ಷೆ ಮಾತ್ರ. ಬರೀ ನಿರೀಕ್ಷೆಯನ್ನು ವರ್ಗಾಯಿಸಲು ಬರುವುದಿಲ್ಲ ಎಂದು ಸ್ವತ್ತು ವರ್ಗಾವಣೆ ಕಾಯ್ದೆಯ 6ನೇ ಕಲಮು ಹೇಳುತ್ತದೆ. ಎರಡನೆಯದು, ನೂರು ರೂಪಾಯಿ ಮೀರಿದ ಸ್ಥಿರಾಸ್ತಿಯ ಹಕ್ಕು ಬಿಡುವ ಪತ್ರ ನೋಂದಣಿ ಆಗಲೇಬೇಕು. ನಿಮ್ಮ ಬಾಂಡು ಆಗಿಲ್ಲ.

ಆದರೆ ಬಂಗಾರದ ಮಾತು ಸುಮ್ನೆ ಬಿಡುವಂಥದ್ದಲ್ಲ. ಹಣವನ್ನೋ ಒಡವೆಯನ್ನೋ ಪಡೆದು ‘ಮುಂದೆ ಕೇಳುವುದಿಲ್ಲ’ ಎಂದು ಬರೆದುಕೊಟ್ಟವರು ಆಮೇಲೆ ತಿರುಗಿ ಪಾಲು ಕೇಳಿದ ಕೆಲವು ಪ್ರಕರಣಗಳಲ್ಲಿ, ಪಡೆದದ್ದನ್ನು ಪಡೆದು ಈಗ ಮಾತು ಬದಲಿಸುವಂತಿಲ್ಲ ಎಂದು ಕೋರ್ಟುಗಳು ಕಟ್ಟಿಹಾಕಿವೆ. ನಿಮಗೆ ಪಾಲೇ ಬೇಡವಾದ್ದರಿಂದ ಈ ತಕರಾರು ನಿಮ್ಮನ್ನು ಕಾಡದು. ಆದರೆ ಪಾಲು ಬೇಕು ಅನ್ನುವ ನಿಮ್ಮ ಅಕ್ಕ ಕೂಡ ಅಂದು ಸಹಿ ಮಾಡಿ ಬಂಗಾರ ತೆಗೆದುಕೊಂಡಿದ್ದರೆ, ಅವರು ಬೇರೆ ವಕೀಲರನ್ನು ಕಂಡು ಕೇಳಿಕೊಳ್ಳುವುದು ಒಳ್ಳೆಯದು.

ಇನ್ನು ಖಾತೆ ಬದಲಾವಣೆಯ ಒಪ್ಪಿಗೆ. ಸತ್ತವರ ಹೆಸರಲ್ಲೇ ಉಳಿದ ಪಹಣಿಗಳನ್ನು ಸರಿಪಡಿಸಲು ಕಂದಾಯ ಇಲಾಖೆ ಇ-ಪೌತಿ (ಪೌತಿ ಅಂದರೆ ಮರಣ) ಆಂದೋಲನ ಶುರುಮಾಡಿದ ಮೇಲೆ ಮನೆಮನೆಯಲ್ಲೂ ಇದೇ ಮಾತು. ತಮ್ಮನ ಒಬ್ಬನ ಹೆಸರಿಗೆ ಮಾಡಲು ನಮ್ಮ ತಕರಾರಿಲ್ಲ ಎಂದು ನೀವು ಬರೆದುಕೊಟ್ಟರೆ ಪಹಣಿಯ 9ನೇ ಕಾಲಮಿನಲ್ಲಿ ಅವನ ಹೆಸರು ಬರುತ್ತದೆ, ಅಷ್ಟೆ. ನಿಮ್ಮ ಹಕ್ಕು ಅದರಿಂದ ಹೋಗುವುದಿಲ್ಲ. ಪಹಣಿ ಕಂದಾಯ ವಸೂಲಿಯ ದಾಖಲೆ, ಮಾಲೀಕತ್ವ ಹುಟ್ಟಿಸುವ ಪತ್ರ ಅಲ್ಲ ಎಂದು ಸುಪ್ರೀಂ ಕೋರ್ಟ್ ಹಲವು ಸಲ ಹೇಳಿದೆ. ಕೇಳಲು ಇದು ಸಮಾಧಾನದ ಮಾತು. ತೊಂದರೆ ಬರುವುದು ಬೇರೆ ಕಡೆಯಿಂದ. ಒಬ್ಬನ ಹೆಸರಲ್ಲಿ ಪಹಣಿ ಇದ್ದರೆ ಅವನು ಅದನ್ನು ತೋರಿಸಿ ಸಾಲ ತೆಗೆಯಬಹುದು, ಕೊಳ್ಳುವವನೊಬ್ಬನನ್ನು ಹುಡುಕಲೂಬಹುದು. ಆಮೇಲೆ ಅಕ್ಕ ಕೋರ್ಟಿಗೆ ಹೋದರೆ ಪ್ರತಿವಾದಿಗಳ ಸಾಲಿನಲ್ಲಿ ನಿಮ್ಮ ಹೆಸರೂ ಇರುತ್ತದೆ. ಅದಕ್ಕೇ ನನ್ನ ಮಾತು: ಸದ್ಯ ಪೌತಿ ಖಾತೆಯನ್ನು ನಾಲ್ಕೂ ಜನರ ಹೆಸರಿಗೆ ಜಂಟಿಯಾಗಿ ಮಾಡಿಸಿ. ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟರೆ ನಾಡಕಚೇರಿಯಲ್ಲಿ ಆಗುವ ಕೆಲಸ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟಿಲ್ಲ ಅನ್ನೋದನ್ನ ನೀವೇ ಕಣ್ಣಾರೆ ನೋಡಿ.

ಈಗ ಸಾಲ. ಪತ್ರದ ತುಂಬ ಹಬ್ಬಿರುವ ಭಯ ಇದೇ ಅಲ್ವಾ?

ಅಪ್ಪನ ಸಾಲ ಮಕ್ಕಳ ತಲೆಗೆ ಬರುತ್ತದೆ ಅನ್ನುವುದು ಹಳೆಯ ಹಿಂದೂ ಕಾನೂನಿನ ನೆರಳು. ಮಗ ತಂದೆಯ ಸಾಲ ತೀರಿಸುವುದು ಧರ್ಮದ ಹೊಣೆ ಎಂಬ ಲೆಕ್ಕ ಆಗ ಇತ್ತು. ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಮಾಡಿದ ಸಾಲಕ್ಕೆ ಆ ಕಾರಣ ಒಂದನ್ನೇ ಹಿಡಿದು ಮಗನ ಮೇಲೆ ದಾವೆ ಹಾಕಲು ಬರುವುದಿಲ್ಲ. ಇಂದು ಸಾಲ ಬೆನ್ನು ಹತ್ತುವುದು ತೀರಿಕೊಂಡವರ ಆಸ್ತಿಯನ್ನು. ಸಿವಿಲ್ ಪ್ರಕ್ರಿಯಾ ಸಂಹಿತೆಯ 50 ಮತ್ತು 52ನೇ ಕಲಮುಗಳ ಪ್ರಕಾರ, ವಾರಸುದಾರರ ಕೈಗೆ ಎಷ್ಟು ಆಸ್ತಿ ಬಂದಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಅವರ ಹೊಣೆ. ನಿಮ್ಮ ಸಂಬಳ, ನಿಮ್ಮ ಉಳಿತಾಯ, ಬಳ್ಳಾರಿಯಲ್ಲಿ ನೀವು ಕಟ್ಟಿಸಿದ ಮನೆ, ಇವುಗಳಿಗೆ ಅಪ್ಪನ ಸಾಲದವರು ಕೈ ಹಾಕುವಂತಿಲ್ಲ. ಪಾಲು ಇಟ್ಟುಕೊಂಡರೂ ಅಷ್ಟೇ.

ಇದಕ್ಕೆ ಒಂದು ದೊಡ್ಡ ‘ಆದರೆ’ ಇದೆ. ನೀವು ಜಾಮೀನು ಹಾಕಿದ್ದರೆ ಮೇಲಿನ ಮಾತು ಯಾವುದೂ ಅನ್ವಯಿಸುವುದಿಲ್ಲ. ಸರ್ಕಾರಿ ನೌಕರಿಯ ಮಗಳಿದ್ದಾಳೆ ಅಂದರೆ ಜಾಮೀನಿಗೆ ಅವಳ ಸಹಿ ಕೇಳುವುದು ಮಾಮೂಲಿ. ಜಾಮೀನುದಾರರ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ಆಸ್ತಿ ಬಿಟ್ಟರೂ ಅದು ಬಿಡುವುದಿಲ್ಲ. ಸೊಸೈಟಿಗೂ ಬ್ಯಾಂಕಿಗೂ ಹೋಗಿ, ಸಾಲದ ಫೈಲಿನಲ್ಲಿ ನಿಮ್ಮ ಸಹಿ ಎಲ್ಲಾದರೂ ಇದೆಯಾ ನೋಡಿ. ಅಪ್ಪ ‘ಇಲ್ಲೊಂದು ಸಹಿ ಹಾಕವ್ವ’ ಅಂದದ್ದು ಎಷ್ಟೋ ಮಕ್ಕಳಿಗೆ ನೆನಪೇ ಇರುವುದಿಲ್ಲ.

ಬೆಳೆಸಾಲದ ವಿಷಯ ಸರಳ. ಪಹಣಿಯ 11ನೇ ಕಾಲಮು ತೆಗೆದು ನೋಡಿ, ಬ್ಯಾಂಕಿನ ಬೋಜಾ ಅಲ್ಲಿ ಕೂತಿರುತ್ತದೆ. ಅದು ಜಮೀನಿನ ಜೊತೆಗೇ ಹೋಗುವ ಭಾರ. ಯಾರ ಪಾಲಿಗೆ ಜಮೀನು ಬರುತ್ತದೋ ಅವರು ತೀರಿಸಿ ಇಳಿಸಿಕೊಳ್ಳಬೇಕು. ನೀವು ಪಾಲು ಬಿಟ್ಟರೆ ಸಾಲ ಮಾಯವಾಗುವುದಿಲ್ಲ. ಅದೇ ಜಮೀನಿನ ಮೇಲೆ, ಅವ್ವ ಮತ್ತು ತಮ್ಮನ ಹೆಗಲ ಮೇಲೆ ಉಳಿಯುತ್ತದೆ. ಅವ್ವನಿಗೆ ಪಾಲು ಕೊಡುತ್ತೇನೆ ಅನ್ನುವಾಗ ಅದರ ಜೊತೆಗೆ ಏನು ಕೊಡುತ್ತಿದ್ದೀರಿ ಅನ್ನೋದನ್ನೂ ನೋಡಿಕೊಳ್ಳಿ.

ದಲಾಲಿ ಅಂಗಡಿಯದು ಬೇರೆ ಕಥೆ. ಗೊಬ್ಬರ, ಎಣ್ಣೆಗೆ ಉದ್ರಿ, ಮದುವೆಗೆ ಮುಂಗಡ, ಸುಗ್ಗಿಗೆ ನೆಲ್ಲು ತಂದು ಹಾಕಿದಾಗ ಮುರಿದುಕೊಳ್ಳುವುದು. ಕಾಲುವೆ ಕೆಳಗಿನ ಊರುಗಳಲ್ಲಿ ಈ ಲೆಕ್ಕ ಎಷ್ಟೋ ಸಲ ಅಂಗಡಿಯ ಪುಸ್ತಕದಲ್ಲಿ ಮಾತ್ರ ಇರುತ್ತದೆ. ಕೇಳಿದಾಗ ಕೊಡುತ್ತೇನೆ ಎಂದು ಬರೆದ ಪ್ರಾಮಿಸರಿ ನೋಟಿಗೆ ಬರೆದ ದಿನದಿಂದ ಮೂರು ವರ್ಷ ವಾಯಿದೆ. ಅಷ್ಟರಲ್ಲಿ ದಾವೆ ಹಾಕದಿದ್ದರೆ, ನಡುವೆ ಸಾಲ ಒಪ್ಪಿ ಬರೆದ ಸಹಿಯೋ ಬಡ್ಡಿ ಕಟ್ಟಿದ ಬರಹವೋ ಇಲ್ಲದಿದ್ದರೆ, ನೋಟು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಅದಕ್ಕೇ ಅವರು ‘ಹೊಸ ನೋಟು ಬರೆದುಕೊಡಿ’ ಅನ್ನುತ್ತಿರಬಹುದು. ನೀವು ಬರೆದುಕೊಟ್ಟ ಕ್ಷಣ ಅದು ಅಪ್ಪನ ಸಾಲವಾಗಿ ಉಳಿಯುವುದಿಲ್ಲ, ನಿಮ್ಮ ಸ್ವಂತ ಸಾಲ ಆಗುತ್ತದೆ. ಆಗ ಸಂಬಳಕ್ಕೂ ಕೈ ಬರುತ್ತದೆ. ಖಾಲಿ ಚೆಕ್ ಅಂತೂ ಕೊಡಲೇಬೇಡಿ. ಅಪ್ಪನ ಮಾತು ಉಳಿಸಬೇಕು ಅಂತ ನಿಮಗೆ ಅನ್ನಿಸಿದರೆ ಕೈಲಾದಷ್ಟು ಹಣ ಕೊಟ್ಟು ರಸೀದಿ ತೆಗೆದುಕೊಳ್ಳಿ. ಅದು ನಿಮ್ಮ ಮನಸ್ಸಿಗೆ ಬಿಟ್ಟದ್ದು. ಆದರೆ ಕಾಗದ ಬೇಡ.

ಈಗ ಪಾಲಿನ ಲೆಕ್ಕ. ನಾಲ್ಕು ಎಕರೆ ಅಪ್ಪನ ಸ್ವಯಾರ್ಜಿತ, ಅದರಲ್ಲಿ ತಾಯಿ ಮತ್ತು ಮೂವರು ಮಕ್ಕಳಿಗೆ ಸಮಪಾಲು, ತಲಾ ಒಂದು ಎಕರೆ. ತೊಡಕು ಇರುವುದು ಅಜ್ಜನಿಂದ ಬಂದ ಎರಡು ಎಕರೆಯಲ್ಲಿ. ಅಜ್ಜನದು ಅಂದರೆ ಪಿತ್ರಾರ್ಜಿತ ಎಂದು ಊರಿನವರೆಲ್ಲ ನಂಬಿದ್ದಾರೆ. ಯಾವಾಗಲೂ ಹಾಗಲ್ಲ. ಅಜ್ಜ ತಾನೇ ಸಂಪಾದಿಸಿದ ಜಮೀನು, ಅವರು 1956ರ ಕಾಯ್ದೆ ಬಂದ ಮೇಲೆ ಉಯಿಲು ಬರೆಯದೆ ತೀರಿಕೊಂಡು ಅಪ್ಪನಿಗೆ ಬಂದಿದ್ದರೆ, ಅದು ಅಪ್ಪನ ಕೈಯಲ್ಲಿ ಸ್ವಂತ ಆಸ್ತಿಯೇ. ಸುಪ್ರೀಂ ಕೋರ್ಟ್ 1986ರಲ್ಲಿ ಚಂದರ್ ಸೇನ್ ಪ್ರಕರಣದಲ್ಲಿ ಹೀಗೆ ಹೇಳಿತು. ಒಟ್ಟು ಕುಟುಂಬದ ಜಮೀನು ಅಣ್ಣತಮ್ಮಂದಿರ ವಾಟ್ನಿಯಲ್ಲಿ, ಅಂದರೆ ಪಾಲು ವಿಭಾಗದಲ್ಲಿ, ಅಪ್ಪನಿಗೆ ಬಂದಿದ್ದರೆ ಮಾತ್ರ ಲೆಕ್ಕ ಬೇರೆ. ಆಗ ನೀವು ಮೂವರೂ ಹುಟ್ಟಿನಿಂದಲೇ ಪಾಲುದಾರರು. 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೂ ಈ ಹಕ್ಕು ಕೊಟ್ಟಿತು, 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪು ಅದನ್ನು ಗಟ್ಟಿ ಮಾಡಿತು. ಅಂಥ ಆಸ್ತಿಯಲ್ಲಿ ಅವ್ವನ ಪಾಲು ಮಕ್ಕಳ ಪಾಲಿಗಿಂತ ಕಡಿಮೆ ಆಗಬಹುದು.

ಯಾವುದು ಅಂತ ತಿಳಿಯುವುದು ಹೇಗೆ? ಆ ಸರ್ವೆ ನಂಬರಿನ ಪಹಣಿಯ 10ನೇ ಕಾಲಮಿನಲ್ಲಿ ಅಪ್ಪನಿಗೆ ಜಮೀನು ಹೇಗೆ ಬಂತು ಎಂಬುದರ ಮ್ಯುಟೇಶನ್ (ಖಾತೆ ಬದಲಾವಣೆ) ನಂಬರು ಇರುತ್ತದೆ. ತಹಶೀಲ್ದಾರ್ ಕಚೇರಿಯ ದಾಖಲೆ ಕೊಠಡಿಯಲ್ಲಿ ಅದರ ನಕಲು ಕೇಳಿ. ಅದರಲ್ಲಿ ‘ಪೌತಿ’ ಎಂದಿದೆಯಾ, ‘ವಾಟ್ನಿ’ ಎಂದಿದೆಯಾ ನೋಡಿ. ಹಳೆಯ ಕಾಗದ ಹರಿದಿರುತ್ತದೆ, ನಿಜಾಮರ ಕಾಲದ್ದಾದರೆ ಉರ್ದುವಿನಲ್ಲೂ ಇರಬಹುದು. ಆದರೂ ಬಿಡಬೇಡಿ. ಎರಡು ಎಕರೆಯ ಹಣೆಬರಹ ಆ ಒಂದು ಸಾಲಿನಲ್ಲಿದೆ.

ನಿಮ್ಮ ಯಜಮಾನರ ಮಾತಿಗೆ ಉತ್ತರ ಚಿಕ್ಕದು. ತವರಿನಿಂದ ಬಂದ ಪಾಲಿಗೆ ನೀವೊಬ್ಬರೇ ಪೂರ್ಣ ಒಡತಿ. ನೀವಿರುವಾಗ ಅದರಲ್ಲಿ ನಿಮ್ಮ ಮಗನಿಗೆ ಹಕ್ಕಿಲ್ಲ. ಯಜಮಾನರ ಸಹಿಯೂ ಬೇಕಿಲ್ಲ. ಬರಹಗಾರರು ಸಾಕ್ಷಿಗೆ ಅವರ ಸಹಿ ಕೇಳಿದರೆ ಹಾಕಿಸಿ, ತಪ್ಪೇನಿಲ್ಲ.

ಸರಿ, ಈಗ ಕೊಡುವ ದಾರಿಗಳು. ಎರಡು ಎಕರೆಯೂ ಅಪ್ಪನ ಸ್ವಂತದ್ದೇ ಎಂದು ತಿಳಿದು ಲೆಕ್ಕ ಹೇಳುತ್ತೇನೆ. ಆಗ ನಿಮ್ಮದು ಒಂದೂವರೆ ಎಕರೆ.

ಎಲ್ಲರೂ ಹೇಳುವ ದಾರಿ ಹಕ್ಕು ಬಿಡುಗಡೆ ಪತ್ರ. ಇದರಲ್ಲಿ ಒಂದು ಬಲೆ ಇದೆ. ಯಾರಿಗೆ ಅಂತ ಬರೆಯದೆ ‘ನನ್ನ ಹಕ್ಕು ಬಿಟ್ಟಿದ್ದೇನೆ’ ಅಂದರೆ ನಿಮ್ಮ ಪಾಲು ಉಳಿದ ಮೂವರಿಗೂ ಹಂಚಿಹೋಗುತ್ತದೆ. ಅಕ್ಕನಿಗೂ ಅರ್ಧ ಎಕರೆ ಸೇರುತ್ತದೆ, ಅವ್ವನಿಗೆ ಸಿಗುವುದೂ ಅಷ್ಟೇ. ಬಿಡುಗಡೆ ಪತ್ರ ಸಹಪಾಲುದಾರರಿಗೆ ಮಾತ್ರ, ತಮ್ಮನ ಹೆಂಡತಿಯ ಹೆಸರಿಗೆ ಬರೆಯಲು ಬರುವುದಿಲ್ಲ. ಕುಟುಂಬದೊಳಗಿನ ಬಿಡುಗಡೆಗೆ ಮುದ್ರಾಂಕ ಶುಲ್ಕ ಜಮೀನಿನ ಬೆಲೆಯ ಮೇಲಲ್ಲ, ನಿಗದಿತ ಸಣ್ಣ ಮೊತ್ತ. ದರ ಆಗಾಗ ಬದಲಾಗುವುದರಿಂದ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ ಕೇಳಿ.

ಅವ್ವನಿಗೆ ಮಾತ್ರ ಕೊಡಬೇಕಾದರೆ ದಾನಪತ್ರ ಹೆಚ್ಚು ಸ್ಪಷ್ಟ. ನೋಂದಣಿ, ಇಬ್ಬರು ಸಾಕ್ಷಿ, ಅವ್ವನ ಒಪ್ಪಿಗೆ ಬೇಕು. ಆಗ ಅವ್ವನ ಹೆಸರಲ್ಲಿ ಮೂರು ಎಕರೆ ಆಗುತ್ತದೆ. ಆದರೆ ಆ ಎರಡು ಎಕರೆ ಒಟ್ಟು ಕುಟುಂಬದ ಆಸ್ತಿ ಎಂದು ಗೊತ್ತಾದರೆ ಅಷ್ಟರ ಮಟ್ಟಿಗೆ ಈ ದಾರಿ ಮುಚ್ಚಿತು. ವಿಭಾಗವಾಗದ ಅಂಥ ಪಾಲನ್ನು ಉಳಿದ ಪಾಲುದಾರರ ಒಪ್ಪಿಗೆ ಇಲ್ಲದೆ ದಾನ ಮಾಡಿದರೆ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ. ಮ್ಯುಟೇಶನ್ ನಕಲು ಮೊದಲು ತೆಗೆಯಿರಿ ಅಂದದ್ದು ಅದಕ್ಕೇ.

ದಾನಪತ್ರದ ಇನ್ನೊಂದು ತಮಾಷೆ ನೋಡಿ. ಅವ್ವ ಉಯಿಲು ಬರೆಯದೆ ಹೋದರೆ, ಕಾಯ್ದೆಯ 15ನೇ ಕಲಮಿನಂತೆ ಅವರ ಮೂರು ಎಕರೆ ಮೂವರು ಮಕ್ಕಳಿಗೆ ಸಮಪಾಲು. ಬೇಡ ಅಂತ ಕೊಟ್ಟ ಆಸ್ತಿಯಲ್ಲಿ ಒಂದು ಎಕರೆ ತಿರುಗಿ ನಿಮ್ಮ ಮನೆ ಬಾಗಿಲಿಗೆ ಬರುತ್ತದೆ. ಇದೇ ಚರ್ಚೆ, ಇದೇ ಸಹಿ, ಇನ್ನೊಂದು ಸಲ. ಬೇಡವಾದರೆ ಅವ್ವ ಗಟ್ಟಿಯಾಗಿರುವಾಗಲೇ ಉಯಿಲು ಬರೆಯಲಿ. ಇಬ್ಬರು ಸಾಕ್ಷಿ ಸಾಕು, ನೋಂದಣಿ ಕಡ್ಡಾಯವಲ್ಲ. ಆದರೂ ಮಾಡಿಸಿದರೆ ಆಮೇಲಿನ ಜಗಳ ಕಡಿಮೆ.

ನನಗೆ ಹೆಚ್ಚು ಸರಿ ಕಾಣುವ ದಾರಿ ನಾಲ್ಕೂ ಜನ ಕೂತು ಒಂದೇ ನೋಂದಾಯಿತ ವಾಟ್ನಿ ಪತ್ರ ಮಾಡುವುದು. ಅಕ್ಕನಿಗೆ ಅವರ ಪಾಲು ಗುರುತಿಸಿ ಕೊಡಿ. ಅವ್ವನಿಗೆ ಅವರದೂ ನಿಮ್ಮದೂ ಸೇರಿಸಿ ಇಡಿ. ಯಾವ ಸಾಲ ಯಾರು ತೀರಿಸಬೇಕು ಅಂತ ಅದರಲ್ಲೇ ಬರೆಸಿ. ಈ ಸಾಲದ ಬರಹ ನಿಮ್ಮನಿಮ್ಮೊಳಗೆ ಮಾತ್ರ, ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ಆದರೂ ಬೇಕು. ನಾಳೆ ತಮ್ಮ ಕಟ್ಟದೆ ಅವ್ವನ ಗದ್ದೆಗೆ ನೋಟಿಸು ಬಂದರೆ ಕೇಳಲು ಒಂದು ಕಾಗದ ಇರುತ್ತದೆ. ಇದರ ಕಷ್ಟ ಒಂದೇ, ನಾಲ್ಕೂ ಜನ ಒಪ್ಪಬೇಕು. ಕಾಲುವೆಯ ಮೇಲ್ಭಾಗ ಯಾರಿಗೆ, ನೀರು ಮುಟ್ಟದ ಕೆಳಭಾಗ ಯಾರಿಗೆ ಅನ್ನುವಲ್ಲಿಗೆ ಮಾತು ನಿಲ್ಲುವುದೇ ಜಾಸ್ತಿ. ಎಕರೆ ಸಮ ಇದ್ದರೂ ನೀರು ಸಮ ಇರುವುದಿಲ್ಲವಲ್ಲ.

ಏನೂ ಮಾಡದೆ ಸುಮ್ಮನಿರುವುದೂ ಒಂದು ದಾರಿಯೇ. ಜಂಟಿ ಖಾತೆ ಇರಲಿ, ತಮ್ಮ ಉಳಲಿ, ನಿಮ್ಮ ಪಾಲಿನ ಬೆಳೆ ಅವ್ವನಿಗೆ ಕೊಡಲಿ. ಮಾಲೀಕರಾಗಿ ಉಳಿಯಲು ನಿಮಗೆ ವಾಯಿದೆ ಇಲ್ಲ. ಆದರೆ ಪ್ರತಿ ಹೊಸ ಸಾಲಕ್ಕೂ ನಿಮ್ಮ ಸಹಿ ಬೇಕು ಎಂದು ತಮ್ಮ ಬಳ್ಳಾರಿಗೆ ಬಸ್ಸು ಹತ್ತಿ ಬರುತ್ತಾನೆ. ಆ ಕಿರಿಕಿರಿ ಎರಡೂ ಕಡೆ ಇರುತ್ತದೆ.

ನೋಂದಣಿ ಆದ ಪತ್ರವನ್ನು ಮನಸ್ಸು ಬದಲಾಯಿತು ಅಂತ ವಾಪಸ್ ಪಡೆಯಲು ಬರುವುದಿಲ್ಲ. ಮೋಸ, ಬಲವಂತ ಎಂದು ಕೋರ್ಟಿನಲ್ಲಿ ತೋರಿಸಬೇಕು, ಅದೂ ಗೊತ್ತಾದ ಮೂರು ವರ್ಷದೊಳಗೆ. ಹಾಗಾಗಿ ಸಿಟ್ಟಿನಲ್ಲಿ, ಸೂತಕದ ಮನೆಯಲ್ಲಿ, ಹಬ್ಬದ ದಿನ ಸಹಿ ಬೇಡ. ಇನ್ನು ಪಾಲು ಬಿಟ್ಟರೂ ಅವ್ವನನ್ನು ನೋಡಿಕೊಳ್ಳುವ ಹೊಣೆ ಬಿಡುವುದಿಲ್ಲ. ಪೋಷಣೆಯ ಕಾನೂನು ಮಗ ಮಗಳು ಎಂದು ಭೇದ ಮಾಡಿಲ್ಲ. ‘ಜಮೀನು ಬಿಟ್ಟರೆ ರೈತರ ಪಟ್ಟಿಯಿಂದ ಹೋಗ್ತೀವಿ, ಮುಂದೆ ಹೊಲ ಕೊಳ್ಳೋಕೆ ಬರಲ್ಲ’ ಅನ್ನುವ ಹೆದರಿಕೆ ಈಗ ಬೇಡ. ಆ ನಿರ್ಬಂಧವನ್ನು ಕರ್ನಾಟಕದಲ್ಲಿ 2020ರ ಭೂಸುಧಾರಣಾ ತಿದ್ದುಪಡಿ ತೆಗೆದುಹಾಕಿತು.

ಈ ಉತ್ತರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಮೇಲೆ ನಿಂತಿದೆ. ಮುಸ್ಲಿಂ, ಕ್ರೈಸ್ತ ಓದುಗರಿಗೆ ಪಾಲಿನ ಲೆಕ್ಕ ಪೂರ್ತಿ ಬೇರೆ. ಆದರೆ ತಂದೆತಾಯಿ ಬದುಕಿರುವಾಗಲೇ ಹಕ್ಕು ಬಿಡಿಸಿಕೊಂಡ ಬಾಂಡು, ಹೊಸ ನೋಟು, ಜಾಮೀನು, ಈ ಮೂರರ ಎಚ್ಚರಿಕೆ ಅವರಿಗೂ ಸಲ್ಲುತ್ತದೆ.

ಈ ವಾರ ನೀವು ಮಾಡಬೇಕಾದದ್ದು ಇಷ್ಟೇ: ಪಹಣಿ, ಮ್ಯುಟೇಶನ್ ನಕಲು, ಋಣಭಾರ ಪ್ರಮಾಣಪತ್ರ, ಬ್ಯಾಂಕಿನಿಂದ ಬಾಕಿಯ ವಿವರ ತೆಗೆಸಿ. ತಮ್ಮನಿಗೆ ‘ಪಾಲು ಬಿಡ್ತೀನಿ, ಆದರೆ ಕಾಗದ ನೋಡಿದ ಮೇಲೆ’ ಅನ್ನಿ. ಕೋರ್ಟಿನಿಂದ ನೋಟಿಸು ಬಂದರೆ ‘ನನಗೆ ಸಂಬಂಧವಿಲ್ಲ’ ಅಂತ ಎಸೆಯಬೇಡಿ. ವಾರಸುದಾರರು ಅಂತ ನಿಮ್ಮ ಹೆಸರು ಬಂದೇ ಬರುತ್ತದೆ. ವಕೀಲರ ಮೂಲಕ ಹಾಜರಾಗಿ, ನನ್ನ ಕೈಗೆ ಬಂದದ್ದು ಇಷ್ಟು ಎಂದು ಹೇಳಿಕೆ ಹಾಕಿಸಬೇಕು. ದಲಾಲಿ ಅಂಗಡಿಯವರು ಮತ್ತೆ ಫೋನ್ ಮಾಡಿದರೆ, ‘ಅಪ್ಪನ ಸಹಿ ಇರುವ ನೋಟಿನ ಎರಡೂ ಬದಿಯ ಫೋಟೊ ಕಳಿಸಿ’ ಅಂತಷ್ಟೇ ಹೇಳಿ. ಮುಂಬದಿಯಲ್ಲಿ ಬರೆದ ತಾರೀಖು ಇರುತ್ತದೆ, ಬಡ್ಡಿ ಕಟ್ಟಿದ್ದರೆ ಅದು ಹಿಂಬದಿಯಲ್ಲಿ. ಅವೆರಡನ್ನೂ ನೋಡಿದ ಮೇಲೆ ಮುಂದಿನ ಮಾತು.